ಗಂಟೇ ಇಲ್ಲದ ಕುತ್ತಿಗೆ ಯಾಕೆ ಕೊಯ್ಯಬೇಕು?

ಐದು ತಿಂಗಳಿಂದ ಬರೆಯೋಕೆ ಕೂತಿರ್ಲಿಲ್ಲ. ಶಿರಸಿ ಹತ್ರ ಊರಲ್ಲಿರೋ ದೊಡ್ಡಪ್ಪಂಗೆ ನಾಲಿಗೆ ಕ್ಯಾನ್ಸರ್ ಅಂತ ಗೊತ್ತಾದಾಗಿಂದ ಮನೆ, ಆಸ್ಪತ್ರೆ, ಬೆಂಗಳೂರು ಬಸ್ಸು ಇಷ್ಟೇ ಆಗಿಹೋಗಿತ್ತು. ಐವತ್ತು ವರ್ಷ ಕವಳ (ಎಲೆ ಅಡಿಕೆ) ಹಾಕಿದ ಬಾಯಿ, ಅದೂ ಹೊಗೆಸೊಪ್ಪು ಸೇರಿಸಿ. ನಾಲಿಗೆಯ ಎಡ ಅಂಚಲ್ಲಿ ಹುಣ್ಣು, ಹಲ್ಲು ತಾಗಿ ಆಗಿದ್ದು ಅಂತ ಒಬ್ಬ ಡಾಕ್ಟ್ರು ನಾಲ್ಕು ತಿಂಗಳು ಜೆಲ್ ಹಚ್ಚಿಸಿದ್ರು, ಎರಡು ಮೂರು ವಾರಕ್ಕೆ ವಾಸಿ ಆಗದ ಹುಣ್ಣನ್ನ ಕ್ಯಾನ್ಸರ್ ಅಲ್ವಾ ಅಂತ ನೋಡಿಸ್ಲೇಬೇಕು ಅನ್ನೋದು ನಮಗೂ ಗೊತ್ತಿರ್ಲಿಲ್ಲ, ಆ ನಾಲ್ಕು ತಿಂಗಳು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಇವತ್ತು ಬರೀತಿರೋದು ಕುತ್ತಿಗೆ ಬಗ್ಗೆ. ಮನೇಲಿ ದೊಡ್ಡ ಜಗಳ ಆಗಿದ್ದೇ ಅದಕ್ಕೆ. ಹುಣ್ಣು ಚಿಕ್ಕದು, ಕೈಯಲ್ಲಿ ಮುಟ್ಟಿದ್ರೆ ಕುತ್ತಿಗೇಲಿ ಒಂದೂ ಗಂಟಿಲ್ಲ, ಸ್ಕ್ಯಾನಲ್ಲೂ ಏನೂ ಕಾಣ್ಲಿಲ್ಲ. ಆದ್ರೂ ಸರ್ಜನ್ ನಾಲಿಗೆ ಜೊತೆಗೆ ಕುತ್ತಿಗೆಯ ನೋಡ್ಸ್, ಅಂದ್ರೆ ಬಾಯಿ ಕ್ಯಾನ್ಸರ್ ಮೊದಲು ಹರಡೋ ಸಣ್ಣ ದುಗ್ಧರಸ ಗ್ರಂಥಿಗಳನ್ನ ಕೂಡ ತೆಗೀಬೇಕು ಅಂದ್ರು. ದೊಡ್ಡಪ್ಪಂದು ಒಂದೇ ಮಾತು, "ಗಂಟೇ ಇಲ್ದೆ ಇಪ್ಪ ಕುತ್ಗೆನ ಎಂತಕ್ಕೆ ಕೊಯ್ಯವು ತಮಾ?" ನಿಜ ಹೇಳ್ಬೇಕಂದ್ರೆ ನಂಗೂ ಹಾಗೇ ಅನ್ಸಿತ್ತು, ಬಂದ್ರೆ ಆಮೇಲೆ ತೆಗೆಸಿದ್ರಾಯ್ತು ಅಂತ.

ಸರ್ಜನ್ ಬೇಜಾರು ಮಾಡ್ಕೊಳ್ದೆ ಕೂರಿಸಿ ಹೇಳಿದ್ರು. ಇದೇ ಪ್ರಶ್ನೆಯನ್ನ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ವರ್ಷಗಟ್ಟಲೆ ಪರೀಕ್ಷೆ ಮಾಡಿ 2015ರಲ್ಲಿ ಉತ್ತರ ಕೊಟ್ಟಿದ್ದಾರೆ, ಡಾ. ಅನಿಲ್ ಡಿಕ್ರೂಜ್ ಅವರ ತಂಡ. ದೊಡ್ಡಪ್ಪನ ಥರಾನೇ ಶುರುವಿನ ಹಂತದ ಬಾಯಿ ಕ್ಯಾನ್ಸರ್, ಕುತ್ತಿಗೇಲಿ ಗಂಟಿಲ್ಲದ 500 ಜನರ ಲೆಕ್ಕ. ಅರ್ಧದಷ್ಟು ಜನಕ್ಕೆ ಮೊದಲೇ ಕುತ್ತಿಗೆ ಆಪರೇಷನ್, ಉಳಿದವರಿಗೆ ಗಂಟು ಬಂದ ಮೇಲೆ. ಮೂರು ವರ್ಷ ಆದಾಗ ಮೊದಲನೇ ಗುಂಪಲ್ಲಿ ಬದುಕಿದ್ದವರು 80 ಪರ್ಸೆಂಟ್, ಕಾದವರಲ್ಲಿ 67.5. ಮೊದಲೇ ಮಾಡಿಸ್ಕೊಂಡವರ ಪೈಕಿ ಸುಮಾರು 30 ಪರ್ಸೆಂಟ್ ಜನರ ನೋಡಲ್ಲಿ ಆಗ್ಲೇ ಕ್ಯಾನ್ಸರ್ ಅಡಗಿ ಕೂತಿತ್ತು. ನೂರರಲ್ಲಿ ಹನ್ನೆರಡು ಜೀವ ಅಂದ್ರೆ ನಮ್ಮೂರಿನ ಒಂದು ಕೇರಿ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು "ಹಂಗಾರೆ ಮಾಡಿ" ಅಂದ್ರು.

ಆಪರೇಷನ್ ಆಗಿ ಹತ್ತು ದಿನಕ್ಕೆ ಪೆಥಾಲಜಿ ರಿಪೋರ್ಟ್ ಬಂತು. ಮೂರು ಪುಟದಲ್ಲಿ ನನ್ನ ಕಣ್ಣು ಹೋಗಿದ್ದು ಒಂದು ಸಾಲಿಗೆ, ನೋಡ್ಸ್ 1/26. ಕುತ್ತಿಗೆಯಿಂದ ತೆಗೆದ ಹಳದಿ ಕೊಬ್ಬಿನ ಮುದ್ದೆಯಲ್ಲಿ ಪೆಥಾಲಜಿಸ್ಟ್ ಬೆರಳಲ್ಲಿ ಒತ್ತಿ ಒತ್ತಿ ಹುಡುಕಿ 26 ನೋಡ್ ಆರಿಸಿದ್ದಾರೆ, ಒಂದೊಂದನ್ನೂ ಕೊಯ್ದು ಮೈಕ್ರೋಸ್ಕೋಪಲ್ಲಿ ನೋಡಿದ್ದಾರೆ, ಅದ್ರಲ್ಲಿ ಒಂದರಲ್ಲಿ ಕ್ಯಾನ್ಸರ್. 6 ಮಿಲಿಮೀಟರಿನ ನೋಡ್ ಅದು, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು, ಯಾವ ಕೈಗೂ ಸಿಗದಿದ್ದು. ಅಡಿಯ ನಂಬರ್ ಕೂಡ ಮುಖ್ಯ, 18ಕ್ಕಿಂತ ಕಮ್ಮಿ ನೋಡ್ ಸಿಕ್ಕಿದವರಲ್ಲಿ ಫಲಿತಾಂಶ ಅಷ್ಟು ಚೆನ್ನಾಗಿರಲ್ಲ ಅಂತ ಬೇರೆ ಬೇರೆ ಅಧ್ಯಯನಗಳು ತೋರಿಸಿವೆ. ಮೇಲಿನ ನಂಬರ್ ಒಂದೊಂದು ಏರಿದ ಹಾಗೂ ಅಪಾಯ ಏರುತ್ತೆ, ಅದಕ್ಕೇ ರಿಪೋರ್ಟಲ್ಲಿ ಬರೀ ಪಾಸಿಟಿವ್ ಅಂತ ಓದಿ ಬಿಡಬೇಡಿ, ಎಷ್ಟರಲ್ಲಿ ಎಷ್ಟು ಅಂತ ಕೇಳಿ.

ಅದರ ಕೆಳಗಿನ ಸಾಲು ಇನ್ನೂ ದೊಡ್ಡದು, ಇಎನ್ಇ ನೆಗೆಟಿವ್. ಅಂದ್ರೆ ಕ್ಯಾನ್ಸರ್ ನೋಡಿನ ಹೊರಪದರ ಒಡೆದು ಆಚೆ ಬಂದಿಲ್ಲ. ದೊಡ್ಡಪ್ಪಂಗೆ ನಾನು, ಹುಳ ಅಡಿಕೆ ಒಳಗೇ ಇದೆ, ಸಿಪ್ಪೆ ದಾಟಿಲ್ಲ ಅಂತ ಹೇಳ್ದೆ, ತಕ್ಷಣ ಅರ್ಥ ಆಯ್ತು. ದಾಟಿದ್ರೆ ಬದುಕೋ ಸಾಧ್ಯತೆ ಬಹಳ ಕುಸಿಯುತ್ತೆ, 2018ರಿಂದ ಬಳಕೆಗೆ ಬಂದ ಸ್ಟೇಜಿಂಗ್ (ಕ್ಯಾನ್ಸರ್ ಯಾವ ಹಂತ ಅಂತ ಹೇಳೋ) ಪುಸ್ತಕದಲ್ಲಿ ಇದೊಂದೇ ಕಾರಣಕ್ಕೆ ಸ್ಟೇಜ್ ಮೇಲೆ ಹೋಗುತ್ತೆ, ರೇಡಿಯೇಷನ್ ಜೊತೆ ಕೀಮೋನೂ ಕೊಡ್ತಾರೆ. ನಮಗೆ ಬರೀ ರೇಡಿಯೇಷನ್ ಸಾಕಾಯ್ತು, 30 ಸಲ, ಆರು ವಾರ.

ಅಮೆರಿಕದಲ್ಲಿರೋ ಕಸಿನ್ ಈ ಮಧ್ಯೆ ಏನೇನೋ ಕಳಿಸ್ತಿದ್ದ, ಅಲ್ಲಿ ನೋಡಿಗೆ ಹರಡಿದ್ರೂ ಜನ ಚೆನ್ನಾಗೇ ಇರ್ತಾರೆ ಅಂತ. ಅದು ಎಚ್‌ಪಿವಿ ವೈರಸ್ಸಿಂದ ಗಂಟಲಲ್ಲಿ, ಟಾನ್ಸಿಲ್ ಜಾಗದಲ್ಲಿ ಬರೋ ಕ್ಯಾನ್ಸರ್, ಅದರ ಸ್ಟೇಜಿಂಗೇ ಬೇರೆ. ನಮ್ಮ ಕಡೆ ಕವಳ, ಗುಟ್ಕಾದಿಂದ ಬರೋದಕ್ಕೆ ಆ ಲೆಕ್ಕ ಹಾಕಿ ಸಮಾಧಾನ ಮಾಡ್ಕೊಳ್ಳೋಕಾಗಲ್ಲ.

ಕುತ್ತಿಗೆ ಆಪರೇಷನ್ ಸುಲಭ ಅಂತ ನಾನು ಹೇಳಲ್ಲ. ಭುಜಕ್ಕೆ ಹೋಗೋ ನರ ಉಳಿಸಿದ್ರೂ ಅದನ್ನ ಆಚೀಚೆ ಸರಿಸಿರ್ತಾರಲ್ಲ, ಎಡಗೈ ಮೇಲೇ ಏಳ್ತಿರ್ಲಿಲ್ಲ, ತಂತಿ ಮೇಲೆ ಪಂಚೆ ಒಣಗಿಸೋಕೂ ದೊಡ್ಡಮ್ಮನೇ ಬೇಕಿತ್ತು. ಫಿಸಿಯೋಥೆರಪಿಯವರು ಗೋಡೆ ಮೇಲೆ ಬೆರಳಲ್ಲಿ ಹತ್ತಿಸೋ ವ್ಯಾಯಾಮ ಹೇಳ್ಕೊಟ್ರು. ಈಗ ಅಡುಗೆಮನೆ ಗೋಡೆಲಿ ದೊಡ್ಡಮ್ಮ ದಿನಾ ಪೆನ್ಸಿಲಲ್ಲಿ ಗೆರೆ ಹಾಕಿ ತಾರೀಕು ಬರೀತಾರೆ. ಮೊನ್ನೆ ಗೆರೆ ಕ್ಯಾಲೆಂಡರಿನ ಮೊಳೆ ತನಕ ಬಂದಿತ್ತು. ಮುಂದಿನ ಚೆಕಪ್ ದೀಪಾವಳಿ ಆದ್ಮೇಲಿನ ಸೋಮವಾರ, ನಾನೇ ಕರ್ಕೊಂಡು ಹೋಗ್ತೀನಿ.