ಮಲಗಿದವರನ್ನು ಎಬ್ಬಿಸುವ ಮೊದಲು ಪೊಲೀಸರು ಕಲಿಯಬೇಕಾದ್ದು

ಬೀದಿಯಲ್ಲಿ ಬದುಕುವವರ ಜೊತೆ ನಡೆದುಕೊಳ್ಳುವ ರೀತಿಯ ಬಗ್ಗೆ ಪೊಲೀಸರಿಗೆ ಕೊಡುವ ತರಬೇತಿ ಎಷ್ಟೋ ಸಲ ಕಾನೂನಿನ ಪಾಠದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಆದರೆ ಪರಿಸ್ಥಿತಿ ಕೆಡುವುದು ಮೊದಲ ಒಂದೆರಡು ನಿಮಿಷಗಳಲ್ಲಿ. ತರಬೇತಿಯ ಹೆಚ್ಚು ಹೊತ್ತು ಅದಕ್ಕೇ ಹೋಗಬೇಕು.

ಮಲಗಿದವರನ್ನು ಎಬ್ಬಿಸುವುದನ್ನೇ ತೆಗೆದುಕೊಳ್ಳಿ. ಬೂಟಿನಿಂದ ತಟ್ಟುವುದು, ಮುಖಕ್ಕೆ ಟಾರ್ಚ್ ಹಿಡಿಯುವುದು, ತಲೆಯ ಹತ್ತಿರ ಬಗ್ಗುವುದು, ಮೂರೂ ತಪ್ಪು. ಹಿಂದೆ ನಿದ್ದೆಯಲ್ಲೇ ಏಟು ತಿಂದವರು ಗಾಬರಿಯಿಂದ ಕೈ ಬೀಸುತ್ತಾರೆ, ಪೊಲೀಸರು ಅದನ್ನು ಹಲ್ಲೆ ಎಂದುಕೊಳ್ಳುತ್ತಾರೆ. ಕಾಲಿನ ಕಡೆ, ಎರಡು ತೋಳಿನಷ್ಟು ದೂರದಲ್ಲಿ ನಿಲ್ಲಬೇಕು. ಟಾರ್ಚ್ ಬೆಳಕು ನೆಲದ ಮೇಲೆ ಬೀಳಲಿ, ವಾಕಿಟಾಕಿಯ ಸದ್ದು ತಗ್ಗಲಿ. ತಮ್ಮ ಹೆಸರು, ಬಂದ ಕಾರಣ ಹೇಳಿ ಸುಮ್ಮನೆ ಕಾಯಬೇಕು. ಹತ್ತು ಸೆಕೆಂಡ್ ಮೌನವಾಗಿರುವುದು ಆಜ್ಞೆ ಮಾಡಿ ರೂಢಿಯಾದವರಿಗೆ ಬಲು ಕಷ್ಟ, ಗಡಿಯಾರ ಹಿಡಿದೇ ಅಭ್ಯಾಸ ಮಾಡಿಸಬೇಕು. ಇಬ್ಬರು ಹೋಗಿದ್ದರೂ ಮಾತಾಡುವವರು ಒಬ್ಬರೇ.

ಉತ್ತರ ಬರದಿದ್ದರೆ ಅದು ಉದ್ಧಟತನ ಎಂದು ತೀರ್ಮಾನಿಸಬಾರದು. ಕಿವಿ ಕೇಳಿಸದಿರಬಹುದು. ತೊದಲು ಮಾತು, ತೂರಾಟ ಕುಡಿತದಿಂದಲೇ ಬರಬೇಕೆಂದಿಲ್ಲ. ರಕ್ತದಲ್ಲಿ ಸಕ್ಕರೆ ಕುಸಿದರೂ, ತಲೆಗೆ ಪೆಟ್ಟಾದರೂ, ಪಾರ್ಶ್ವವಾಯು ಬಡಿದರೂ ಹಾಗೇ ಕಾಣುತ್ತದೆ. ಮದ್ಯದ ವಾಸನೆ ಬಂದ ಮಾತ್ರಕ್ಕೆ ಇವು ಇಲ್ಲ ಎಂದಾಗುವುದಿಲ್ಲ. ಅನುಮಾನವಿದ್ದರೆ ಮೊದಲು ಆಂಬುಲೆನ್ಸ್ ಕರೆಸಬೇಕು, ವಿಚಾರಣೆ ಆಮೇಲೆ.

ಗಂಟುಮೂಟೆಯನ್ನು ಕಸವೆಂದು ಎಸೆಯುವುದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಹಾನಿ. ಗುರುತಿನ ಚೀಟಿ, ಮಾತ್ರೆ, ಆಸ್ಪತ್ರೆಯ ಕಾಗದ ಎಲ್ಲ ಅದರೊಳಗೇ ಇರುತ್ತವೆ. ಗುರುತಿನ ಚೀಟಿ ಹೋದರೆ ನೆರವಿನ ಅರ್ಜಿಯೂ ಅಲ್ಲಿಗೇ ನಿಲ್ಲುತ್ತದೆ. ಕೇಳದೆ ಮುಟ್ಟಬಾರದು, ತೆಗೆದಿಡಲೇಬೇಕಾದರೆ ಪಟ್ಟಿ ಮಾಡಿ, ಎಲ್ಲಿ ಸಿಗುತ್ತದೆಂದು ಬರೆದ ರಸೀದಿ ಕೊಡಬೇಕು.

ಅಮೆರಿಕದ ಮೆಂಫಿಸ್‌ನಲ್ಲಿ 1988ರಲ್ಲಿ ಶುರುವಾದ, ಮಾನಸಿಕ ಸಂಕಟದಲ್ಲಿರುವವರನ್ನು ಎದುರುಗೊಳ್ಳುವ ಪೊಲೀಸರ ತರಬೇತಿ 40 ಗಂಟೆಗಳದ್ದು. ಅದರಲ್ಲಿ ಸನ್ನಿವೇಶಗಳನ್ನು ಅಭಿನಯಿಸಿ ಕಲಿಯುವುದಕ್ಕೆ ದೊಡ್ಡ ಪಾಲಿದೆ. ಇಲ್ಲೂ ಅದೇ ದಾರಿ ಸರಿ. ಆದರೆ ಅಭಿನಯಿಸುವವರು ಬಂದ ಕೂಡಲೇ ಕಿರುಚತೊಡಗಿದರೆ ಕಲಿಯುವವರು ಹಿಡಿದು ಅದುಮುವುದನ್ನಷ್ಟೇ ಕಲಿಯುತ್ತಾರೆ. ಸದ್ದಿಲ್ಲದೆ ಹೆದರಿದವರು, ಗೊಂದಲದಲ್ಲಿರುವವರು, ನಾಯಿಯನ್ನು ಬಿಟ್ಟು ಬರಲೊಪ್ಪದವರು ಸನ್ನಿವೇಶಗಳಲ್ಲಿ ಇರಲಿ. ಬೀದಿಯಲ್ಲಿ ಬದುಕಿದ್ದವರನ್ನೇ ಸಂಬಳ ಕೊಟ್ಟು ತರಬೇತುದಾರರನ್ನಾಗಿ ಕರೆಸಬೇಕು.

'ಆಶ್ರಯಕೇಂದ್ರಕ್ಕೆ ಹೋಗಿ' ಎಂದು ಹೇಳುವ ಮೊದಲು ಅಲ್ಲಿಗೆ ಫೋನ್ ಮಾಡಿ ಹಾಸಿಗೆ ಖಾಲಿ ಇದೆಯೇ, ದಂಪತಿಯನ್ನು ಒಟ್ಟಿಗೆ ಇರಿಸಿಕೊಳ್ಳುತ್ತಾರೆಯೇ, ನಾಯಿಗೆ ಜಾಗವಿದೆಯೇ, ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂದು ಕೇಳಿಕೊಳ್ಳಬೇಕು. ಒಮ್ಮೆ ಅಲ್ಲಿಂದ ವಾಪಸ್ ಬಂದವರು ಮುಂದಿನ ಸಲ ಪೊಲೀಸರ ಮಾತು ನಂಬುವುದಿಲ್ಲ.