ಗುಜರಿಯವರನ್ನು ಕೊನೆಗೆ ಕರೀರಿ

ಮನೆ ಬದಲಿಸುವಾಗ, ಇಲ್ಲವೇ ಹೊಸ ಸೋಫಾ ಬರುವ ಮೊದಲು, ಹಳೇ ಸಾಮಾನು ಮಾರಲು ನಮ್ಮ ದಾವಣಗೆರೆಯಲ್ಲಿ ಬಹಳ ಜನ ಮಾಡುವ ಮೊದಲ ಕೆಲಸ ಬೀದಿಯಲ್ಲಿ ಕೂಗುತ್ತ ಹೋಗುವ ಗುಜರಿ ಗಾಡಿ ನಿಲ್ಲಿಸುವುದು. ಅರ್ಧ ದುಡ್ಡು ಅಲ್ಲೇ ಹೋಯಿತು. ಗುಜರಿಯವರು ಮೋಸಗಾರರು ಅಂತಲ್ಲ. ಅವರ ವ್ಯಾಪಾರವೇ ಕಬ್ಬಿಣ, ತಾಮ್ರ, ಹಿತ್ತಾಳೆ, ರದ್ದಿ. ನಿಮ್ಮ ಬೀರುವನ್ನು ಅವರು ಬೀರು ಅಂತ ನೋಡುವುದಿಲ್ಲ, ಇಷ್ಟು ಕೆ.ಜಿ. ತಗಡು ಅಂತ ನೋಡುತ್ತಾರೆ. ಮನೆಯ ಸಾಮಾನೆಲ್ಲ ಒಟ್ಟಿಗೆ ತೋರಿಸಿದರಂತೂ ಹಂಡೆ, ಫ್ಯಾನು, ಮೋಟಾರು ಆರಿಸಿಕೊಂಡು ಹೋಗಿ ಮುರುಕು ಟೀಪಾಯಿ, ಹಳೇ ಹಾಸಿಗೆ ನಿಮಗೇ ಬಿಡುತ್ತಾರೆ. ಅದನ್ನು ಸಾಗಿಸಲು ಮತ್ತೆ ನೀವೇ ಗಾಡಿ ಮಾಡಬೇಕು.

ಹಾಗಾಗಿ ಬಳಸುವವರಿಗೆ ಮೊದಲು, ಸೆಕೆಂಡ್ ಹ್ಯಾಂಡ್ ಅಂಗಡಿಗೆ ಆಮೇಲೆ, ತೂಕಕ್ಕೆ ಕೊನೆಗೆ. ಈ ಸಾಲು ತಪ್ಪಬಾರದು. ಕೈಯಲ್ಲಿ ಮೂರು ನಾಲ್ಕು ವಾರ ಇದ್ದರೆ ನಿಧಾನವಾಗಿ ಮಾಡಬಹುದು. ಎರಡೇ ದಿನ ಇದ್ದರೆ ಸೀದಾ ಅಂಗಡಿಯವರನ್ನು ಕರೆಯಿರಿ, ಬಂದಷ್ಟಕ್ಕೆ ಕೊಡಿ. ಅವಸರಕ್ಕೂ ಬೆಲೆ ಉಂಟು.

ಇಲ್ಲಿ ಹಳೇ ಸಾಮಾನಿನ ಒಳ್ಳೇ ಗಿರಾಕಿಗಳು ಕಾಲೇಜು ಹುಡುಗರು ಮತ್ತು ಪಿ.ಜಿ. ನಡೆಸುವವರು. ಬಾಪೂಜಿ ಇಂಜಿನಿಯರಿಂಗ್, ಯು.ಬಿ.ಡಿ.ಟಿ., ಜೆ.ಜೆ.ಎಂ. ಮೆಡಿಕಲ್ ಇರುವ ಊರಿದು. ಅಡ್ಮಿಷನ್ ಶುರುವಾದಾಗ ಸಿಂಗಲ್ ಕಾಟು, ಓದುವ ಟೇಬಲ್ಲು, ಕುರ್ಚಿ, ಎರಡು ಬರ್ನರ್ ಸ್ಟೌವ್ ನಿಲ್ಲುವುದೇ ಇಲ್ಲ. ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್ ಕಡೆ ಕಿರಾಣಿ ಅಂಗಡಿ ಗೋಡೆಗೆ ಅಂಟಿಸಿದ ಚೀಟಿ ಇವತ್ತಿಗೂ ಆನ್‌ಲೈನ್ ಜಾಹೀರಾತಿಗಿಂತ ಬೇಗ ಕೆಲಸ ಮಾಡುತ್ತದೆ. ಕೂಲರ್ ಇದ್ದರೆ ಫೆಬ್ರವರಿ ಕೊನೆಗೆ ತೆಗೆಯಿರಿ. ಮಳೆ ಬಿದ್ದ ಮೇಲೆ ಕೇಳುವವರಿಲ್ಲ. ಡಬಲ್ ಕಾಟು, ಡೈನಿಂಗ್ ಟೇಬಲ್, ಸೋಫಾ ಸಂಸಾರಸ್ಥರ ಸಾಮಾನು. ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ, ಹಾಗಾಗಿ ಇವನ್ನು ಶ್ರಾವಣಕ್ಕೆ ಇಟ್ಟುಕೊಳ್ಳಿ. ದೊಡ್ಡ ಪಾತ್ರೆ, ಸ್ಟೀಲ್ ಟೇಬಲ್ ಇದ್ದರೆ ಖಾನಾವಳಿಯವರನ್ನು, ಅಡುಗೆ ಕಾಂಟ್ರಾಕ್ಟ್ ಮಾಡುವವರನ್ನು ಒಂದು ಮಾತು ಕೇಳಿ.

ಮರದ ಸಾಮಾನಿನ ಬೆಲೆ ಪಾಲಿಶ್ ಮೇಲೆ ನಿಲ್ಲುವುದಿಲ್ಲ. ಮಂಚ, ಟೇಬಲ್ ಬೋರಲು ಹಾಕಿ ಪಾಲಿಶ್ ಇಲ್ಲದ ಅಡಿಭಾಗ ನೋಡಿ. ಸಾಗುವಾನಿ ಆದರೆ ನಾರು ಉದ್ದಕ್ಕೂ ಕಾಣುತ್ತದೆ, ಪ್ಲೈವುಡ್ ಆದರೆ ಅಂಚಿನಲ್ಲಿ ಪದರ ಪದರ, ಪಾರ್ಟಿಕಲ್ ಬೋರ್ಡ್ ಆದರೆ ಒತ್ತಿದ ಮರದ ಪುಡಿ. ಸಾಗುವಾನಿ ಎಷ್ಟು ಹಳೇದಾದರೂ ಬಡಗಿ ಕೊಳ್ಳುತ್ತಾನೆ, ಯಾಕೆಂದರೆ ಬಿಚ್ಚಿ ಬೇರೆ ಮಾಡಬಹುದು. ಪಾರ್ಟಿಕಲ್ ಬೋರ್ಡ್ ವಾರ್ಡ್‌ರೋಬ್ ಒಮ್ಮೆ ಬಿಚ್ಚಿದರೆ ಹಳೇ ತೂತಿನಲ್ಲಿ ಸ್ಕ್ರೂ ಹಿಡಿಯುವುದಿಲ್ಲ, ನೆಲ ಒರೆಸಿದ ನೀರು ಕುಡಿದು ಕಾಲು ಊದಿರುತ್ತದೆ. ಅದನ್ನು ಬಿಚ್ಚದೆ ಅದೇ ಏರಿಯಾದವರಿಗೆ ಕೊಡುವುದೇ ಲೇಸು. ಮಂಚದ ಕೆಳಗೆ ಸಣ್ಣ ಹಿಟ್ಟಿನಂತೆ ಪುಡಿ ಬಿದ್ದಿದ್ದರೆ ಮರಹುಳ, ಮಣ್ಣಿನ ಗೆರೆ ಇದ್ದರೆ ಗೆದ್ದಲು. ಮುಚ್ಚಿಟ್ಟು ಮಾರಿದರೆ ಮೂರನೇ ದಿನ ಫೋನ್ ಬರುತ್ತದೆ. ಹೇಳಿಯೇ ಮಾರಿ, ರೇಟು ಇಳಿಸಿ.

ಮಂಚ ಬಿಚ್ಚಿದಾಗ ಬೋಲ್ಟು ನಟ್ಟು ಒಂದು ಕವರಿನಲ್ಲಿ ಹಾಕಿ ಆ ಮಂಚದ ಕಾಲಿಗೇ ಕಟ್ಟಿ. ನಾಲ್ಕು ಬೋಲ್ಟ್ ಕಳೆದ ಕಾಟು ಸೌದೆ ಲೆಕ್ಕಕ್ಕೆ ಹೋಗುತ್ತದೆ. ಬೀರು ಆದರೆ ಲಾಕರ್ ಕೀ ಎರಡೂ ಹುಡುಕಿಡಿ, ಗುಪ್ತ ಡ್ರಾ ಎಳೆದು ನೋಡಿ, ಕನ್ನಡಿ ಬಿಚ್ಚಿ ಬೇರೆ ಕಟ್ಟಿ.

ಫೋಟೋ ಬೆಳಗಿನ ಬೆಳಕಿನಲ್ಲಿ, ಒಂದು ಮೂಲೆಯಿಂದ, ಎರಡು ಮೈ ಕಾಣುವ ಹಾಗೆ ತೆಗೆಯಿರಿ. ಗೀರು, ಬಿರುಕು ಹತ್ತಿರದಿಂದ ಇನ್ನೊಂದು. ಅಳತೆಗೆ ಟೇಪ್ ಹಿಡಿದೇ ಒಂದು. ಬರೆಯುವಾಗ ‘ಗುಡ್ ಕಂಡೀಷನ್’ ಅಂತ ಬಿಟ್ಟರೆ ಹತ್ತು ಜನ ಅದೇ ಪ್ರಶ್ನೆ ಕೇಳುತ್ತಾರೆ. ‘ಸಾಗುವಾನಿ ಡಬಲ್ ಕಾಟು, 6¼ ಅಡಿ ಉದ್ದ, 5 ಅಡಿ ಅಗಲ, ಬಿಚ್ಚಬಹುದು, ಹಾಸಿಗೆ ಇಲ್ಲ, ಮೊದಲನೇ ಮಹಡಿ, ಗಾಡಿ ಹಮಾಲಿ ನಿಮ್ಮದು’ — ಇಷ್ಟು ಸಾಕು. ಹಮಾಲಿ ಮಾತು ಮೊದಲೇ ಆಗದಿದ್ದರೆ ಟಾಟಾ ಏಸ್ ಬಾಗಿಲಿಗೆ ಬಂದಾಗ ಜಗಳ ಗ್ಯಾರಂಟಿ.

ಬೆಲೆ ಇಡುವಾಗ ನಿಮ್ಮ ಹಳೇ ಬಿಲ್ಲು ನೋಡಬೇಡಿ. ಅಂಥದ್ದೇ ಹೊಸದು ಇವತ್ತು ಎಷ್ಟಕ್ಕೆ ಸಿಗುತ್ತದೆ ನೋಡಿ. ಚೆನ್ನಾಗಿರುವ ಸಾಮಾನಿಗೂ ಅದರ ಅರ್ಧ ದಾಟಿ ಕೇಳಿದರೆ ಜನ ಹೊಸದಕ್ಕೇ ಹೋಗುತ್ತಾರೆ. ಚೌಕಾಸಿಗೆ ನೂರಕ್ಕೆ ಹತ್ತು ಹದಿನೈದು ಜಾಗ ಇಟ್ಟುಕೊಳ್ಳಿ. ಫೋನಿನಲ್ಲಿ ‘ಲಾಸ್ಟ್ ಎಷ್ಟು ಹೇಳ್ರಿ’ ಅಂದವರಿಗೆ ‘ಬಂದು ನೋಡ್ರಿ ಅಣ್ಣಾ, ಎದುರಿಗೇ ಮಾತಾಡೋಣ’ ಅನ್ನಿ. ಫೋನಿನಲ್ಲಿ ಇಳಿಸಿದ ರೇಟು ಬಾಗಿಲಲ್ಲಿ ಇನ್ನೊಮ್ಮೆ ಇಳಿಯುತ್ತದೆ. ಶುಕ್ರವಾರ, ಅಮಾವಾಸ್ಯೆ ಸಾಮಾನು ಎತ್ತುವುದಿಲ್ಲ ಅನ್ನುವವರೂ ಇದ್ದಾರೆ. ಅಂಥವರಿಂದ ಸ್ವಲ್ಪ ಮುಂಗಡ ತಗೊಂಡು ಭಾನುವಾರ ಕರೆಯಿರಿ.

ಫ್ರಿಜ್ ಮಾರುವುದಾದರೆ ಗಿರಾಕಿ ಬರುವವರೆಗೆ ಆಫ್ ಮಾಡಬೇಡಿ. ಓಡುವುದನ್ನೇ ತೋರಿಸಿ, ಟ್ರೇಯಲ್ಲಿ ಐಸ್ ಕಟ್ಟಿರಲಿ. ದಿನಾಂಕ ಕಾಣುವ ಹಾಗೆ ವಿಡಿಯೋ ತೆಗೆದಿಟ್ಟರೆ ‘ತಂದಾಗಲೇ ಕೆಟ್ಟಿತ್ತು’ ಅನ್ನುವ ಮಾತಿಗೆ ಉತ್ತರ ಇರುತ್ತದೆ. ಸಾಗಿಸುವ ಹಿಂದಿನ ದಿನ ಆಫ್ ಮಾಡಿ ಒಣಗಿಸಿ. ಗಾಡಿಯಲ್ಲಿ ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಪೈಪಿಗೆ ಹರಿಯುತ್ತದೆ, ಹಾಗೆಯೇ ಆನ್ ಮಾಡಿದರೆ ಕಂಪ್ರೆಸರ್ ಹೋಗುವ ಸಂಭವ ಉಂಟು. ಮಲಗಿಸಲೇ ಬೇಕಾದರೆ ಇಳಿಸಿದ ಮೇಲೆ ಹಲವು ಗಂಟೆ ನೆಟ್ಟಗೆ ನಿಲ್ಲಿಸಲು ಹೇಳಿ. ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಜೊತೆ ಬಂದ, ಡ್ರಮ್ ಅಲ್ಲಾಡದಂತೆ ಬಿಗಿದು ಹಿಡಿಯುವ ಟ್ರಾನ್ಸಿಟ್ ಬೋಲ್ಟ್ ಮತ್ತೆ ಹಾಕದೆ ಸಾಗಿಸಿದರೆ ಡ್ರಮ್ ಕುಲುಕಿ ಒಳಗಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಹಾಳು.

ದಸರಾ ದೀಪಾವಳಿಯ ಎಕ್ಸ್‌ಚೇಂಜ್ ಆಫರ್ ನೋಡಿ ಮರುಳಾಗುವ ಮೊದಲು ಒಂದು ಲೆಕ್ಕ ಹಾಕಿ. ಅಂಗಡಿಗೆ ಹೋದ ತಕ್ಷಣ ಹಳೇದರ ಮಾತೇ ಎತ್ತಬೇಡಿ. ಹೊಸದರ ಕೊನೇ ರೇಟು ಕೇಳಿ ಬರೆದುಕೊಳ್ಳಿ. ಆಮೇಲೆ ‘ಹಳೇದು ಕೊಟ್ರೆ?’ ಅನ್ನಿ. 28,000ದ ಫ್ರಿಜ್‌ಗೆ ಎಕ್ಸ್‌ಚೇಂಜ್ 3,000 ಅಂದರು ಅನ್ನಿ. ಆದರೆ ಹಳೇದು ಕೊಡದೆಯೂ ಅದೇ ಫ್ರಿಜ್ 26,500ಕ್ಕೆ ಕೊಡುವವರಿದ್ದರೆ ನಿಮ್ಮ ಹಳೇದಕ್ಕೆ ಸಿಕ್ಕಿದ್ದು ಬರೀ 1,500. ಓಡದ ಫ್ರಿಜ್‌ಗೆ ಅದು ಒಳ್ಳೇ ಬೆಲೆ, ಓಡುವ ಫ್ರಿಜ್‌ಗೆ ಅಲ್ಲ.

ಆನ್‌ಲೈನ್ ಜಾಹೀರಾತು ಹಾಕಿದ ಅರ್ಧ ಗಂಟೆಗೇ ಒಬ್ಬರು ಸಾಮಾನು ನೋಡದೆ, ಚೌಕಾಸಿ ಮಾಡದೆ ಒಪ್ಪಿದರೆ ಅನುಮಾನ ಪಡಿ. ‘ನಾನು ಮಿಲಿಟರಿಯವನು, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಅನ್ನುವುದು ಹಳೇ ವರಸೆ. ದುಡ್ಡು ಬರಲು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಖಾತೆಯಲ್ಲಿ ಬಿದ್ದದ್ದು ನೋಡಿಯೇ ಸಾಮಾನು ಎತ್ತಿಸಿ. ದುಡ್ಡು ಹೋಯಿತು ಅಂತಾದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ತೂಕದ ಸಾಮಾನು. ಅಟ್ಟದ ಮೇಲಿನ ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಕಂಚಿನ ತಟ್ಟೆ ಗುಜರಿ ಗಾಡಿಗೆ ಹಾಕಲೇಬೇಡಿ. ಪಾತ್ರೆ ಅಂಗಡಿಗೆ ಒಯ್ಯಿರಿ. ಕನಿಷ್ಠ ಎರಡು ಅಂಗಡಿಯಲ್ಲಿ ‘ಹಳೇ ತಾಮ್ರ ಇವತ್ತು ಕೆ.ಜಿ.ಗೆ ಎಷ್ಟ್ರೀ’ ಅಂತ ಕೇಳಿ. ಮೂರೂ ಲೋಹ ಬೇರೆ ಬೇರೆ ತೂಗಿಸಿ. ಬಡಿದರೆ ಗಂಟೆಯಂತೆ ನಾದ ಬರುವುದು ಕಂಚು. ಅದರಲ್ಲಿ ತವರ ಇರುವುದರಿಂದ ಹಿತ್ತಾಳೆಗಿಂತ ಬೆಲೆ ಜಾಸ್ತಿ, ಹಿತ್ತಾಳೆ ರಾಶಿಯಲ್ಲಿ ಸೇರಿದರೆ ನಿಮಗೇ ನಷ್ಟ. ಪಾತ್ರೆಯ ಕಬ್ಬಿಣದ ಹಿಡಿ, ಬಳೆ ಮನೆಯಲ್ಲೇ ಬಿಚ್ಚಿಕೊಂಡು ಹೋಗಿ. ಇಲ್ಲದಿದ್ದರೆ ಅಂಗಡಿಯಲ್ಲಿ ಅದರ ಲೆಕ್ಕಕ್ಕೆ ಅಂದಾಜಿಗೆ ಅರ್ಧ ಕಿಲೋ ಕಳೆಯುತ್ತಾರೆ. ಹಿತ್ತಾಳೆ ಬಣ್ಣದ ದೀಪಕ್ಕೆ ಅಯಸ್ಕಾಂತ ಹಿಡಿಯಿರಿ, ಅಂಟಿದರೆ ಅದು ಬರೀ ಲೇಪ. ಗುಜರಿಯವರು ಮನೆಗೆ ಬಂದಾಗ ಕೊಕ್ಕೆ ತಕ್ಕಡಿ ಬೇಡ ಅನ್ನಿ. ಡಿಜಿಟಲ್ ಆದರೂ ಮೊದಲು ಸೊನ್ನೆ ನೋಡಿ, ಸೀಲ್ ಒಡೆಯದ 5 ಕೆ.ಜಿ. ಹಿಟ್ಟಿನ ಚೀಲ ಇಟ್ಟು ನೋಡಿ.

ಇನ್ವರ್ಟರ್ ಬ್ಯಾಟರಿ ಗುಜರಿಗೆ ಬೇಡ, ಬ್ಯಾಟರಿ ಅಂಗಡಿಯವರೇ ಹಳೇದು ತಗೊಳ್ಳುತ್ತಾರೆ. ಆಸಿಡ್ ಚೆಲ್ಲಬೇಡಿ, ವೈರ್ ತೆಗೆಯುವಾಗ ನೆಗೆಟಿವ್ ಮೊದಲು, ನೆಟ್ಟಗೇ ಎತ್ತಿ. ಗ್ಯಾಸ್ ಸ್ಟೌವ್ ಮಾರಬಹುದು, ಸಿಲಿಂಡರ್ ಮಾರುವಂತಿಲ್ಲ. ಅದು ಕಂಪನಿಯ ಸ್ವತ್ತು. ರೆಗ್ಯುಲೇಟರ್ ಮತ್ತು ಕನೆಕ್ಷನ್ ತಗೊಂಡಾಗ ಕೊಟ್ಟ ಡಿಪಾಜಿಟ್ ವೋಚರ್ ಜೊತೆ ಏಜೆನ್ಸಿಗೆ ಒಪ್ಪಿಸಿದರೆ ಡಿಪಾಜಿಟ್ ದುಡ್ಡು ವಾಪಸ್ ಬರುತ್ತದೆ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಈ ವೋಚರ್ ರದ್ದಿ ಪೇಪರ್ ಜೊತೆ ಹೋಗದಂತೆ ಮೊದಲೇ ತೆಗೆದಿಡಿ.