ಎಕರೆ ನೋಡುವ ಮೊದಲು ನಾಲ್ಕು ಗುಂಟೆ ನೋಡಿ

ಎಳ್ಳಮಾವಾಸ್ಯೆ ಹೊತ್ತಿಗೆ ಬಾಗಲಕೋಟೆ, ವಿಜಯಪುರ ಕಡೆಯ ಯಾವ ಹೊಲ ನೋಡಿದರೂ ಮನಸ್ಸು ಸೋಲುತ್ತದೆ. ಎದೆಮಟ್ಟ ಜೋಳ, ನಡುವೆ ಕುಸುಬೆಯ ಅಕ್ಕಡಿ ಸಾಲು, ಬದುವಿನ ಮೇಲೊಂದು ಬನ್ನಿ ಗಿಡ, ಚರಗ ಚೆಲ್ಲಿ ಉಣ್ಣಲು ಕೂತ ಮಂದಿ. ಇಲ್ಲೇ ಎರಡು ಖೋಲಿಯ ಮನೆ ಕಟ್ಟಿ ವಾರಕ್ಕೊಮ್ಮೆ ಬಂದಿರೋಣ ಅನ್ನಿಸುವುದು ಆಗಲೇ. ಮಾರುವವರು ಹೊಲ ತೋರಿಸುವುದೂ ಆಗಲೇ. ಅದೇ ಹೊಲಕ್ಕೆ ಏಪ್ರಿಲ್ ಕೊನೆಗೆ ಒಮ್ಮೆ ಹೋಗಿ. ಮೊಣಕೈವರೆಗೆ ಕೈ ಇಳಿಯುವಂಥ ಬಿರುಕು ಬಿಟ್ಟಿರುತ್ತದೆ. ಹಿಂಗಾರಿ ಜೋಳ ಮಳೆಯಿಲ್ಲದೆಯೂ ಬೆಳೆಯುವುದು ಈ ಎರಿಮಣ್ಣು, ಅಂದರೆ ಕಪ್ಪು ಜೇಡಿಮಣ್ಣು, ನೀರು ಹಿಡಿದಿಟ್ಟುಕೊಳ್ಳುವುದರಿಂದ. ಹಾಗೆ ನೀರು ಹಿಡಿದು ಉಬ್ಬುವುದರಿಂದಲೇ ಅದರ ಮೇಲಿನ ಗೋಡೆ ಸೀಳುತ್ತದೆ.

ಆದ್ದರಿಂದ ಹೊಲ ಕೊಳ್ಳುವಾಗ ಮನೆ ಕೂಡುವ ಜಾಗವನ್ನು ಮೊದಲು ಗೊತ್ತು ಮಾಡಬೇಕು, ಉಳಿದ ಜಮೀನು ಆಮೇಲೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಕೃಷಿ ಜಮೀನಿನಲ್ಲಿ ಸ್ವಂತಕ್ಕೆ ತೋಟದ ಮನೆ ಕಟ್ಟಲು ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಬೇಕಾಗಿಲ್ಲ, ಆದರೆ ಅದು ಹಿಡುವಳಿಯ 10% ಮೀರಬಾರದು. ಒಂದು ಎಕರೆ ಅಂದರೆ 40 ಗುಂಟೆ, ಅದರಲ್ಲಿ 4 ಗುಂಟೆ, ಅಂದರೆ 4,356 ಚದರಡಿ. ಮನೆ, ಕಟ್ಟೆ, ನೀರಿನ ಟಾಕಿ ಎಲ್ಲಕ್ಕೂ ಧಾರಾಳವಾಯಿತು. ಬರೀ ಹತ್ತು ಗುಂಟೆ ಕೊಂಡವರಿಗೆ ಸಿಗುವುದು 1,089 ಚದರಡಿ ಮಾತ್ರ. ಈ ಮನೆಯನ್ನು ವ್ಯಾಪಾರದ ಕೆಲಸಕ್ಕೆ ಬಾಡಿಗೆ ಕೊಡುವ ಹಾಗಿಲ್ಲ. ಹೋಮ್‌ಸ್ಟೇ ಮಾಡುವ ವಿಚಾರವಿದ್ದರೆ ಆ ತುಂಡನ್ನು ಮೊದಲೇ ಎನ್.ಎ. ಮಾಡಿಸಿ.

ಒಂದೇ ಹೊಲದಲ್ಲಿ ಕೆಳಗಿನ ತಗ್ಗಿಗೆ ಆಳದ ಎರಿ, ಮೇಲಿನ ದಿಬ್ಬಕ್ಕೆ ಒಂದೆರಡು ಅಡಿ ಮಣ್ಣು, ಅದರಡಿ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಇರುವುದು ಈ ಸೀಮೆಯಲ್ಲಿ ಸಾಮಾನ್ಯ. ಬೆಳೆಗೆ ದಿಬ್ಬ ಕಳಪೆ ಎಂದು ಮಾರುವವರು ಅದನ್ನು ಮುಚ್ಚಿಟ್ಟು ಮಾತಾಡುತ್ತಾರೆ. ನೀವು ಹುಡುಕಬೇಕಾದದ್ದು ಅದನ್ನೇ. ಅಕ್ಕಪಕ್ಕದ ತೋಟದ ಮನೆಗಳ ಗೋಡೆಯನ್ನೂ ನೋಡಿ: ಕಿಟಕಿ ಮೂಲೆಯಿಂದ ಓರೆಯಾಗಿ ಮೇಲೇರಿದ ಬಿರುಕು, ಮಳೆಗಾಲದಲ್ಲಿ ಬಿಗಿದು ಬೇಸಿಗೆಯಲ್ಲಿ ಸಡಿಲಾಗುವ ಬಾಗಿಲು ಇದ್ದರೆ ಆ ಮಣ್ಣಿನ ಸ್ವಭಾವ ಗೊತ್ತಾದಂತೆಯೇ.

ಮುಂಗಡ ಕೊಡುವ ಮೊದಲು ಮಾಲೀಕರ ಒಪ್ಪಿಗೆ ಪಡೆದು ಒಂದು ತಾಸು ಜೆಸಿಬಿ ಹಚ್ಚಿ, ಆರಡಿ ಆಳದ ಮೂರು ಗುಂಡಿ ತೆಗೆಸಿ. ಎರಡಡಿ, ನಾಲ್ಕಡಿ, ಆರಡಿಯಿಂದ ಬೇರೆ ಬೇರೆ ಚೀಲಕ್ಕೆ ಮಣ್ಣು ತುಂಬಿ, ಒಣಗಿಸಿ, ಕುಟ್ಟಿ, ಸಣ್ಣ ಜರಡಿಯಲ್ಲಿ ಸೋಸಿ. 100 ಮಿ.ಲೀ.ನ ಎರಡು ಅಳತೆಯ ಗಾಜಿನ ಕೊಳವೆ ತಂದು ಎರಡಕ್ಕೂ ಹತ್ತು ಹತ್ತು ಗ್ರಾಂ ಮಣ್ಣು ಹಾಕಿ. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ನೀರು. ಕಡ್ಡಿಯಿಂದ ಕಲಕಿ ಗುಳ್ಳೆ ಹೋಗಿಸಿ 24 ತಾಸು ಅಲುಗಿಸದೆ ಇಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯ ಕೊಳವೆಯಲ್ಲಿ ಮಣ್ಣು 10 ಮಿ.ಲೀ. ಗೆರೆಗೆ, ನೀರಿನದರಲ್ಲಿ 16ಕ್ಕೆ ನಿಂತರೆ ಉಬ್ಬು 60%. ಐವತ್ತು ದಾಟಿತೆಂದರೆ ಸಾದಾ ಕಲ್ಲಿನ ಪಾಯಾ ಅಲ್ಲಿ ನಿಲ್ಲುವುದಿಲ್ಲ. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ, ಅಲ್ಲಿ ಅಳತೆ ಇನ್ನಷ್ಟು ಕರಾರುವಾಕ್ಕಾಗಿರುತ್ತದೆ. ಖಾನಾಪುರ ಕಡೆಯ ಕೆಂಪು ಜಂಬಿಟ್ಟಿಗೆ ನೆಲಕ್ಕೆ ಈ ತೊಂದರೆ ಇಲ್ಲ. ಅಲ್ಲಿ ಮಳೆ ಮತ್ತು ಅರಣ್ಯದ ಗಡಿ, ಇವೆರಡರದ್ದೇ ಚಿಂತೆ.

ಇನ್ನು ಕಾಗದ. ಕೃಷಿಕರಲ್ಲದವರು ಜಮೀನು ಕೊಳ್ಳಬಾರದೆಂಬ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರ ತಿದ್ದುಪಡಿಯಲ್ಲಿ ಹೋದವು. ಹಾಗೆಂದು ಎಲ್ಲ ಜಮೀನೂ ಕೊಳ್ಳುವಂಥದ್ದಾಗಲಿಲ್ಲ. ಉತಾರದ (ಪಹಣಿಯ) 9ನೇ ಕಾಲಂನಲ್ಲಿ ಹೆಸರು ಒಂದೇ ಇದೆ ಎಂದು ಸಮಾಧಾನಪಡಬೇಡಿ, ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂದು ಹಕ್ಕು ಬದಲಾವಣೆಯ ದಾಖಲೆಗಳಲ್ಲಿ ಹಿಂದಕ್ಕೆ ಹೋಗಿ ನೋಡಿ. ಪಿತ್ರಾರ್ಜಿತವಾಗಿದ್ದರೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅದನ್ನು ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿ ಮಾಡಿತು. ಅಣ್ಣತಮ್ಮಂದಿರ ವಾಟ್ನಿ (ಪಾಲು) ಪತ್ರದಲ್ಲಿ ಅಕ್ಕತಂಗಿಯರ ಸಹಿ ಇಲ್ಲದಿದ್ದರೆ, ಖರೀದಿ ಪತ್ರಕ್ಕೆ ಅವರೆಲ್ಲರೂ ಬಂದು ಸಹಿ ಹಾಕಲಿ. “ನಮ್ಮ ಅಕ್ಕಾರು ಏನೂ ಅನ್ನಂಗಿಲ್ರಿ” ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಉತಾರದ 11ನೇ ಕಾಲಂನ ಬೋಜಾ, ಅಂದರೆ ಜಮೀನಿನ ಮೇಲಿನ ಸಾಲದ ಹೊರೆ, ನೋಡಿ. ಸಾಲ ತೀರಿದ್ದರೂ ಉತಾರದಲ್ಲಿ ಕಡಿಮೆಯಾಗದೆ ಉಳಿದಿರುವುದು ಬಹಳ. ಬ್ಯಾಂಕಿನದೋ ಪಿಕೆಪಿಎಸ್‌ನದೋ (ಊರಿನ ಕೃಷಿ ಪತ್ತಿನ ಸಹಕಾರ ಸಂಘ) ಬೇಬಾಕಿ (ಸಾಲ ಬಾಕಿಯಿಲ್ಲ ಎಂಬ) ಪತ್ರ ತರಿಸಿ, ಬೋಜಾ ಇಳಿಸಿದ ಮೇಲೆಯೇ ಪೂರ್ತಿ ಹಣ ಕೊಡಿ. “ಹೊಸ ಶರ್ತು” (ಸರ್ಕಾರದ ಅನುಮತಿಯಿಲ್ಲದೆ ಮಾರಲಾಗದ ಜಮೀನು) ಎಂದಿದ್ದರೆ, ಅಥವಾ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಅಲ್ಲೇ ನಿಲ್ಲಿ. ಇಂಥ ಮಂಜೂರಿ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆ ಪ್ರಕಾರ ಆ ಖರೀದಿಯೇ ರದ್ದು. ಮರಳಿ ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟ ಮಾಡಿದೆ. ಭೂಮಿಯಿಲ್ಲದವರಿಗೆ ಕೊಟ್ಟ ನೆಲ ಅವರಲ್ಲೇ ಉಳಿಯಲೆಂದು ಬಂದ ಕಾನೂನು ಅದು, ಅದಕ್ಕೆ ಅಡ್ಡದಾರಿ ಹುಡುಕಬಾರದು.

ಸರ್ವೆ ನಂಬರಿನ ಒಂದು ತುಂಡು ಮಾತ್ರ ಕೊಳ್ಳುತ್ತಿದ್ದರೆ 11ಇ ನಕ್ಷೆ (ಆ ತುಂಡನ್ನು ಅಳೆದು ಸರ್ವೆ ಇಲಾಖೆ ಕೊಡುವ ನಕ್ಷೆ) ಬೇಕೇ ಬೇಕು. ಭೂಮಾಪಕರು ಬಂದ ದಿನ ನೀವೂ ಹೊಲದಲ್ಲಿರಿ, ಬಾಂದುಕಲ್ಲು ಎಲ್ಲಿ ಬಿತ್ತೆಂದು ಕಣ್ಣಾರೆ ನೋಡಿ, ನಾಲ್ಕೂ ಕಡೆಯ ಹೊಲದವರು ಎದುರಿಗಿರಲಿ. ಉತಾರದಲ್ಲಿ ‘ಬ’ ಖರಾಬು ಇದ್ದರೆ ಅಷ್ಟು ನೆಲ ಹಳ್ಳ, ದಾರಿ ಇತ್ಯಾದಿ ಸಾರ್ವಜನಿಕರದ್ದು, ಅದಕ್ಕೆ ದುಡ್ಡು ಕೊಡಬೇಡಿ. ದಾರಿಯ ವಿಷಯದಲ್ಲಿ ಬಾಯಿಮಾತು ನಂಬಲೇಬೇಡಿ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿಯ ಗುರುತು ನಿಮ್ಮ ಹೊಲದವರೆಗೆ ಬಂದಿರಬೇಕು. ಬಂದಿಲ್ಲವೆಂದರೆ ದಾರಿ ಕೊಡುವವರಿಂದ ಅಳತೆ ಸಹಿತ ನೋಂದಣಿ ಮಾಡಿಸಿಕೊಳ್ಳಿ. ಕಬ್ಬಿನ ಟ್ರ್ಯಾಕ್ಟರ್ ಹೋಗುವ ದಾರಿ ಜನವರಿಯಲ್ಲಿ ಗಟ್ಟಿ ಕಾಣುತ್ತದೆ, ಆಗಸ್ಟಿನಲ್ಲಿ ಅದೇ ದಾರಿಯಲ್ಲಿ ಕಾರು ಅಚ್ಚಿನವರೆಗೆ ಹೂಳುತ್ತದೆ. ಖರ್ಚಿಗೆ ಮುದ್ರಾಂಕ ಶುಲ್ಕ 5%, ಮೇಲೆ ಸೆಸ್ ಮತ್ತು ಸರ್ಚಾರ್ಜ್, ಜೊತೆಗೆ ನೋಂದಣಿ ಶುಲ್ಕ ಲೆಕ್ಕ ಹಿಡಿಯಿರಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ.

ನಮ್ಮ ಜಿಲ್ಲೆಗಳಿಗೇ ವಿಶೇಷವಾದ ಎರಡು ತೊಡಕುಗಳಿವೆ. ಆಲಮಟ್ಟಿಯ ನೀರು ಈಗ ನಿಲ್ಲುವುದು 519.6 ಮೀಟರಿಗೆ, ಕೃಷ್ಣಾ ಮೇಲ್ದಂಡೆ ಯೋಜನೆಯ (ಯುಕೆಪಿ) ಮೂರನೇ ಹಂತದಲ್ಲಿ ಅದು 524.256ಕ್ಕೆ ಏರಬೇಕು. ಬಾಗಲಕೋಟೆ, ಬೀಳಗಿ, ಕೊಲ್ಹಾರ ಸುತ್ತ ಹಿನ್ನೀರು ಕಾಣುವ ಹೊಲ ಅಗ್ಗಕ್ಕೆ ಸಿಗುತ್ತಿದೆ ಎಂದರೆ, ಆ ಸರ್ವೆ ನಂಬರು ಸ್ವಾಧೀನದ ಪಟ್ಟಿಯಲ್ಲಿದೆಯೇ ಎಂದು ನವನಗರದ ಯುಕೆಪಿ ಭೂಸ್ವಾಧೀನ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಪಡೆಯಿರಿ. ಮಲಪ್ರಭೆ, ಘಟಪ್ರಭೆ ದಂಡೆಯಲ್ಲಾದರೆ 2009 ಮತ್ತು 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತೆಂದು ಊರವರನ್ನು ಕೇಳಿ, ಗೋಡೆಯ ಕಲೆ ತೋರಿಸುತ್ತಾರೆ. ಎರಡನೆಯದು ಬಾದಾಮಿ, ಐಹೊಳೆ, ಪಟ್ಟದಕಲ್ಲಿನದು. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಐಹೊಳೆಯಲ್ಲಿ ಹೊಲದ ನಡುವೆಯೂ ಗುಡಿಗಳಿರುವುದರಿಂದ ಪ್ರತಿ ಗುಡಿಯಿಂದಲೂ ಬೇರೆ ಬೇರೆಯಾಗಿ ಅಳೆಯಬೇಕು.

ಗರಸು ನೆಲ ಸಿಕ್ಕರೆ ಮೂರು ನಾಲ್ಕಡಿಯ ಕಲ್ಲಿನ ಪಾಯಾ ಸಾಕು. ಎರಿಯ ಮೇಲೆಯೇ ಕಟ್ಟಬೇಕಾಗಿ ಬಂದರೆ ಎರಡು ದಾರಿ. ಒಂದು, ಪಾಯಾದ ತಳದಲ್ಲಿ ಉಬ್ಬದ ಮಣ್ಣಿನ ಹಾಸು. ಇದನ್ನು ರೂಪಿಸಿದವರು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ, ಮಲಪ್ರಭಾ ಕಾಲುವೆ ಎರಿಯಲ್ಲಿ ಕುಸಿಯದಂತೆ ಮಾಡಲು ಬಳಕೆಯಾದದ್ದೂ ಇದೇ ವಿಧಾನ. 20×24 ಅಡಿಯ ಮನೆಗೆ ಸುತ್ತಲೂ ಐದಡಿ ಹೆಚ್ಚಿಗೆ ಹಿಡಿದು 30×34 ಅಡಿ, ನಾಲ್ಕಡಿ ಆಳ ಎರಿ ತೆಗೆಯಬೇಕು. ಖಾಲಿಯಾಗುವ ಜಾಗ 4,080 ಘನ ಅಡಿ, ಸುಮಾರು 41 ಬ್ರಾಸ್. ದಮ್ಮಸ್ಸು ಮಾಡಿದಾಗ ಕುಗ್ಗುವುದರಿಂದ ಗರಸು 50 ಬ್ರಾಸ್ ತರಿಸಿ. ಆರಾರು ಇಂಚಿನ ಪದರ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ರೋಲರ್ ಓಡಿಸಬೇಕು. ತರುವ ಗರಸಿಗೂ ಕೊಳವೆಯ ಪರೀಕ್ಷೆ ಮಾಡಿ. ಗೌಂಡಿಗಳು ಕೆಲವೊಮ್ಮೆ ಗರಸಿನ ಬದಲು ಉಸುಕು ತುಂಬಿಸಲು ಹೇಳುತ್ತಾರೆ, ಒಪ್ಪಬೇಡಿ. ಉಸುಕಿನೊಳಗೆ ಮಳೆನೀರು ಕೆರೆಯಂತೆ ನಿಂತು ಕೆಳಗಿನ ಎರಿಗೆ ಇಳಿಯುತ್ತಲೇ ಇರುತ್ತದೆ.

ಇನ್ನೊಂದು, ಎರಿ ಬಹಳ ಆಳವಿದ್ದಾಗ, ಅಂಡರ್‌ರೀಮ್ಡ್ ಪೈಲ್. 30 ಸೆಂ.ಮೀ. ಅಗಲದ ರಂಧ್ರವನ್ನು ಮೂರೂವರೆ ಮೀಟರಾದರೂ ಇಳಿಸಿ, ತಳದಲ್ಲಿ 75 ಸೆಂ.ಮೀ. ಗಡ್ಡೆಯಂತೆ ಅಗಲಿಸಿ, ಸರಳು ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಮೇಲಿನ ಮಣ್ಣು ಎಷ್ಟು ಉಬ್ಬಿದರೂ ಗಡ್ಡೆ ಕೆಳಗೆ ಹಿಡಿದಿರುತ್ತದೆ. ಇಲ್ಲಿ ಹೆಚ್ಚು ಕೆಡುವುದು ಒಂದೇ ಕಡೆ. ಪೈಲ್‌ಗಳ ಮೇಲಿನ ಪ್ಲಿಂತ್ ಬೀಮ್ ಮತ್ತು ನೆಲದ ನಡುವೆ 8 ಸೆಂ.ಮೀ. ಸಂದು ಬಿಡಬೇಕು. ಕೆಲಸ ಮುಗಿಸುವ ಅವಸರದಲ್ಲಿ ಅದಕ್ಕೆ ಮಣ್ಣು ತುಂಬಿಬಿಡುತ್ತಾರೆ, ಮೊದಲ ಮಳೆಗಾಲಕ್ಕೇ ಮಣ್ಣು ಬೀಮನ್ನು ಮೇಲಕ್ಕೆ ಒತ್ತುತ್ತದೆ. ಪ್ಲಿಂತ್ ಕಟ್ಟುವ ದಿನ ನೀವೇ ಬಗ್ಗಿ, ಸಂದಿನಲ್ಲಿ ಕೈ ಹಾಕಿ ನೋಡಿ.

ಯಾವ ಪಾಯಾ ಆದರೂ ಮನೆ ಸುತ್ತ ಹೊರಕ್ಕೆ ಇಳಿಜಾರಾದ ಐದಾರು ಅಡಿ ಅಗಲದ ಹಾಸು ಬೇಕು. ಬಚ್ಚಲು ನೀರು ದೂರ ಹೋಗಬೇಕು. ಬೇವು, ಆಲ ದೊಡ್ಡದಾದಾಗ ಎಷ್ಟೆತ್ತರವೋ ಅಷ್ಟು ದೂರ ನೆಡಿ, ಬೇರು ಒಂದು ಮಗ್ಗುಲಿನ ನೀರನ್ನಷ್ಟೇ ಹೀರಿದರೆ ಆ ಮೂಲೆ ಕುಸಿಯುತ್ತದೆ. ಶೌಚಾಲಯದ ಇಂಗುಗುಂಡಿಯೂ ಎರಿಯಲ್ಲಿ ಇಂಗುವುದಿಲ್ಲ, ಅದನ್ನು ಗರಸಿನ ಪದರಕ್ಕೆ ಇಳಿಸಿ, ಬೋರಿನಿಂದ 15 ಮೀಟರಾದರೂ ದೂರವಿರಲಿ.

ನೀರು ಬಿತ್ತೆಂದು ಬೋರಿಗೆ ಕಾಯಿ ಒಡೆಯುವ ಮೊದಲು ಪರೀಕ್ಷೆ ಮಾಡಿಸಿ. ಡೋಣಿ ಹೊಳೆಯ ಸೀಮೆಯಲ್ಲಿ ಉಪ್ಪು, ಹುನಗುಂದ, ಇಳಕಲ್ಲಿನ ಗ್ರಾನೈಟ್ ನೆಲದಲ್ಲಿ ಫ್ಲೋರೈಡ್ ಇರುತ್ತದೆ. ಕುಡಿಯುವ ನೀರಿಗೆ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮೀರಬಾರದು, ಕರಗಿದ ಲವಣ 500 ಒಳಗಿದ್ದರೆ ಒಳ್ಳೆಯದು, 2,000 ಕೊನೆಯ ಮಿತಿ. ಕುಡಿಯಲು ಮಳೆನೀರೇ ಸಾಕಾಗುತ್ತದೆ: 480 ಚದರಡಿಯ ಮಾಳಿಗೆಯ ಮೇಲೆ ವರ್ಷಕ್ಕೆ 550 ಮಿ.ಮೀ. ಮಳೆ ಬಿದ್ದು, ಐದರಲ್ಲಿ ನಾಲ್ಕು ಪಾಲು ಹಿಡಿದರೂ ಸುಮಾರು 20,000 ಲೀಟರ್. ಪಂಪ್‌ಸೆಟ್ಟಿನ ಲೈನಿನಿಂದ ಮನೆಗೆ ವೈರ್ ಎಳೆಯಬೇಡಿ. ಹೆಸ್ಕಾಂನಲ್ಲಿ ಮನೆಗೇ ಬೇರೆ ಮೀಟರಿಗೆ ಅರ್ಜಿ ಕೊಡಿ, ಹತ್ತಿರದ ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರ್) ಎಷ್ಟು ಕಂಬ ಬೇಕಾಗುತ್ತದೆ ಎಂಬುದನ್ನು ಹೊಲದ ದರ ಮಾತಾಡುವ ಮೊದಲೇ ಎಣಿಸಿಟ್ಟುಕೊಳ್ಳಿ.